ಲಿನಕ್ಸ್ ಹಾಕಿದ ಮೇಲೆ ವೈಫೈ ಇಲ್ಲ, ಪ್ರಿಂಟರ್ ಮಾತಾಡಲ್ಲ: ಡ್ರೈವರ್ ತಪ್ಪೋ, ಉಪ್ಪುಗಾಳಿ ತಪ್ಪೋ?

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ, ಆದರೆ ಇನ್ನೂ ಗಟ್ಟಿಯಾಗಿರುವ ಲ್ಯಾಪ್‌ಟಾಪ್‌ಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿ ಕಡೆಯ ಮನೆಗಳಲ್ಲಿ ಬೇಕಾದಷ್ಟಿವೆ. ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿದವರು ಮೊದಲು ಕೇಳುವ ಪ್ರಶ್ನೆ: "ಡ್ರೈವರ್ ಎಲ್ಲಿ ಸಿಗುತ್ತೆ?"

ಲಿನಕ್ಸ್‌ನಲ್ಲಿ ಡ್ರೈವರ್ (ಸಾಧನವನ್ನು ಓಡಿಸುವ ತಂತ್ರಾಂಶ) ಹುಡುಕಿಕೊಂಡು ಹೋಗುವ ಕೆಲಸ ಕಡಿಮೆ. ಬಹುಪಾಲು ಡ್ರೈವರ್‌ಗಳು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬಂದಿರುತ್ತವೆ. ಆದರೂ ಏನೋ ಕೆಲಸ ಮಾಡುತ್ತಿಲ್ಲ ಎಂದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ. ಕರ್ನಲ್ ಹಳೆಯದಾಗಿದೆ. ಚಿಪ್‌ನ ಒಳಗೇ ಓಡುವ ಫರ್ಮ್‌ವೇರ್ ಎಂಬ ತಂತ್ರಾಂಶದ ಫೈಲ್ ಇಲ್ಲ. ಕಂಪನಿಯವರದೇ ಡ್ರೈವರ್ ಬೇಕು. ಇಲ್ಲವೇ ಯಂತ್ರವೇ ಹಾಳಾಗಿದೆ. ಘಟ್ಟದ ಕೆಳಗಿನವರು ಈ ನಾಲ್ಕನೆಯದನ್ನು ಮರೆಯಬಾರದು. ಉಪ್ಪುಗಾಳಿ ತಿಂದ ಯುಎಸ್‌ಬಿ ಪೋರ್ಟಿಗೆ ಯಾವ ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ.

ಒಂದು ಮಾತು. ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಹೊಡೆಯುವ ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಅಕ್ಷರಗಳ ನಡುವೆ ಜಾಗ ಬಿಡಬೇಡಿ, ಅಲ್ಪವಿರಾಮವೂ ಬೇಡ. ಬಿಡಬೇಕಾದ ಕಡೆ ‘ಸ್ಪೇಸ್’ ಎಂದೇ ಹೇಳಿದ್ದೇನೆ.

ಲಕ್ಷಣ ಯಾವುದೇ ಇರಲಿ, ಮೊದಲು ಇದು

ಯಂತ್ರಕ್ಕೆ ಆ ಸಾಧನ ಕಾಣುತ್ತಿದೆಯೇ? ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಖರ್ಚೂ ಇಲ್ಲ.

ಒಳಗಿನ ಕಾರ್ಡುಗಳಿಗೆ: ‘ಎಲ್ ಎಸ್ ಪಿ ಸಿ ಐ, ಸ್ಪೇಸ್, ಮೈನಸ್, ಎನ್ ಎನ್ ಕೆ’. ಯುಎಸ್‌ಬಿಗೆ ಚುಚ್ಚಿದವುಗಳಿಗೆ: ‘ಎಲ್ ಎಸ್ ಯು ಎಸ್ ಬಿ’. ಎರಡರಲ್ಲೂ ಪ್ರತಿ ಸಾಧನದ ಜೊತೆ ಎರಡು ಸಂಖ್ಯೆಗಳ ಜೋಡಿ ಕಾಣುತ್ತದೆ, ನಡುವೆ ವಿಸರ್ಗದಂತೆ ಎರಡು ಚುಕ್ಕೆ. ಮೊದಲನೆಯದು ಕಂಪನಿ, ಎರಡನೆಯದು ಚಿಪ್. 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರೋಸ್, 14ಸಿ3 ಮೀಡಿಯಾಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿ. ರಿಯಲ್‌ಟೆಕ್‌ನ ಯುಎಸ್‌ಬಿ ಸಾಧನಗಳು 0ಬಿಡಿಎ ಎಂದು ಕಾಣುತ್ತವೆ.

ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹಾಕಿ ಡ್ರೈವರ್ ಹುಡುಕಬೇಡಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರುತ್ತಾರೆ. ಈ ಜೋಡಿ ಸಂಖ್ಯೆ ಹಾಕಿ ಹುಡುಕಿ. ಅದು ಸುಳ್ಳು ಹೇಳುವುದು ಅಪರೂಪ.

ಒಳಗಿನ ಕಾರ್ಡುಗಳ (ಪಿಸಿಐ) ಪಟ್ಟಿಯಲ್ಲಿ ಕಾರ್ಡಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಡ್ರೈವರ್ ಸಿಕ್ಕಿ ಕೂತಿದೆ ಎಂದರ್ಥ. ತೊಂದರೆ ಫರ್ಮ್‌ವೇರ್‌ನಲ್ಲೋ ಸೆಟ್ಟಿಂಗ್‌ನಲ್ಲೋ ಇರಬೇಕು. ಕಾರ್ಡ್ ಕಂಡು ಆ ಸಾಲು ಇಲ್ಲದಿದ್ದರೆ ಡ್ರೈವರ್ ಸಿಕ್ಕಿಲ್ಲ. ಕಾರ್ಡೇ ಪಟ್ಟಿಯಲ್ಲಿಲ್ಲದಿದ್ದರೆ ಡ್ರೈವರ್ ಮಾತು ಬಿಡಿ. ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಆಫ್ ಆಗಿದೆಯೇ, ಸಡಿಲವಾಗಿದೆಯೇ, ಸತ್ತಿದೆಯೇ ಎಂದು ನೋಡಬೇಕು.

ಇನ್ನೂ ಲಿನಕ್ಸ್ ಹಾಕದವರಿಗೆ ಸುಲಭದ ದಾರಿ ಇದೆ. ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ, ಡಿಸ್ಕ್ ಮುಟ್ಟದೆ ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲ ನೋಡಿ. ಮುಚ್ಚಿ ಮಲಗಿಸಿ ಮತ್ತೆ ಎಬ್ಬಿಸಿ. ಅಲ್ಲಿ ಸರಿ ಇದ್ದರೆ ಹಾಕಿದ ಮೇಲೂ ಹೆಚ್ಚಾಗಿ ಸರಿ ಇರುತ್ತದೆ.

ವೈಫೈ ಪಟ್ಟಿಯೇ ಬರುತ್ತಿಲ್ಲ

ಮೊದಲು ಕೀಲಿಮಣೆಯ ವಿಮಾನದ ಗುರುತಿನ ಗುಂಡಿ ಒತ್ತಿ ನೋಡಿ. ನಗಬೇಡಿ, ಎಷ್ಟೋ ಸಲ ಇಷ್ಟೇ ಇರುತ್ತದೆ. ಆಮೇಲೆ ‘ಆರ್ ಎಫ್ ಕೆ ಐ ಎಲ್ ಎಲ್’ ಎಂದು ಹೊಡೆಯಿರಿ. ‘ಸಾಫ್ಟ್’ ಕಂಬದಲ್ಲಿ ಬ್ಲಾಕ್ ಆಗಿದ್ದರೆ ಅದೇ ಆಜ್ಞೆಯ ನಂತರ ‘ಸ್ಪೇಸ್, ಅನ್‌ಬ್ಲಾಕ್, ಸ್ಪೇಸ್, ಆಲ್’ ಸೇರಿಸಿದರೆ ಬಿಡುಗಡೆ. ‘ಹಾರ್ಡ್’ ಕಂಬದಲ್ಲಿದ್ದರೆ ಅದು ಗುಂಡಿ ಅಥವಾ ಬದಿಯ ಸ್ವಿಚ್ಚಿನ ಕೆಲಸ. ಆಜ್ಞೆಯಿಂದ ಬಿಡುವುದಿಲ್ಲ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಯಂತ್ರವಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಯಂತ್ರವನ್ನು ಪೂರ್ತಿ ನಿಲ್ಲಿಸುವುದಿಲ್ಲ. ಕಾರ್ಡ್ ಅರೆನಿದ್ದೆಯಲ್ಲೇ ಉಳಿದು ಲಿನಕ್ಸ್‌ನ ಕೈಗೆ ಸಿಗದೆ ಹೋಗಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಇಂಟರ್ನೆಟ್ ಬೇಕು. ವೈಫೈ ಸರಿಮಾಡಲು ಇಂಟರ್ನೆಟ್, ಇಂಟರ್ನೆಟ್ಟಿಗೆ ವೈಫೈ! ಇದಕ್ಕೆ ಮದ್ದು ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ತಂತಿಯ ನೆಟ್‌ವರ್ಕ್‌ನಂತೆ ಕಾಣುತ್ತದೆ, ಬೇರೆ ಡ್ರೈವರ್ ಬೇಡ. ಚಾರ್ಜಿಂಗ್‌ಗೆ ಮಾತ್ರ ಬರುವ ಅಗ್ಗದ ಕೇಬಲ್ ಆದರೆ ಟೆದರಿಂಗ್ ಆಯ್ಕೆಯೇ ಬೂದು ಬಣ್ಣದಲ್ಲಿರುತ್ತದೆ, ಕೇಬಲ್ ಬದಲಿಸಿ. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ತೋಟದ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ, ಅಲ್ವಾ? ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಸಿಗ್ನಲ್ ಇರುವ ಗುಡ್ಡದ ತಲೆಗೆ ಹೋಗಿ. ಇಲ್ಲವೇ ಪೇಟೆಗೆ ಬಂದಾಗ ಅಪ್‌ಡೇಟ್ ಮುಗಿಸಿಕೊಳ್ಳಿ.

ನೆಟ್ ಬಂತೆಂದರೆ ಮೊದಲು ಪೂರ್ತಿ ಅಪ್‌ಡೇಟ್ ಹಾಕಿ, ರೀಸ್ಟಾರ್ಟ್ ಮಾಡಿ. ಲಿನಕ್ಸ್‌ನ ರೂಪಗಳಾದ ಉಬುಂಟು, ಮಿಂಟ್‌ನಲ್ಲಿ ‘ಲಿನಕ್ಸ್-ಫರ್ಮ್‌ವೇರ್’ ಎಂಬ ಪ್ಯಾಕೇಜ್ ಹೊಸದಾಗುತ್ತದೆ. ಡೆಬಿಯನ್ ಎಂಬ ಇನ್ನೊಂದು ರೂಪದ ವಿಷಯ ಸ್ವಲ್ಪ ಬೇರೆ. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಈಚೆಗೆ ಮಾತ್ರ ಇಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಒಳಗೇ ಇದೆ. ಯಾರೋ ಕೊಟ್ಟ ಹಳೇ ಡೆಬಿಯನ್ ಡಿವಿಡಿ ಹಾಕಿದ್ದರೆ ವೈಫೈ ಬರದಿರುವುದಕ್ಕೆ ಅದೇ ಕಾರಣ ಇರಬಹುದು. ಗುರುತು ಹೀಗೆ: ‘ಎಸ್ ಯು ಡಿ ಓ, ಸ್ಪೇಸ್, ಡಿ ಎಂ ಇ ಎಸ್ ಜಿ’ (ಮುಂದೆ ಡಿಮೆಸ್ಗ್ ಎನ್ನುತ್ತೇನೆ) ಹೊಡೆದಾಗ ಬರುವ ಉದ್ದನೆಯ ಪಟ್ಟಿಯಲ್ಲಿ ‘ಫರ್ಮ್‌ವೇರ್’ ಪದದ ಹತ್ತಿರ ‘ಫೇಲ್ಡ್’ ಎಂದಿರುತ್ತದೆ. ಯಾವ ಫೈಲ್ ಬೇಕೆಂದು ಹೆಸರೂ ಅಲ್ಲೇ ಇರುತ್ತದೆ.

ಇನ್ನೂ ಬರದಿದ್ದರೆ ಚಿಪ್ ಯಾರದ್ದು ಎನ್ನುವುದರ ಮೇಲೆ ದಾರಿ.

ಇಂಟೆಲ್ ಆದರೆ ಚಿಂತೆ ಕಡಿಮೆ, ಕರ್ನಲ್ ಸಾಕಷ್ಟು ಹೊಸದಿದ್ದರೆ ಸಾಕು. ಎಎಕ್ಸ್200 ಕಾರ್ಡಿಗೆ ಕರ್ನಲ್ 5.1, ಎಎಕ್ಸ್210ಕ್ಕೆ 5.10 ಅಥವಾ ಮುಂದಿನದು ಬೇಕು. ಮೀಡಿಯಾಟೆಕ್ ಎಂಟಿ7921ಕ್ಕೆ 5.12. ನಿಮ್ಮ ಕರ್ನಲ್ ಯಾವುದೆಂದು ‘ಯು ಎನ್ ಎ ಎಂ ಇ, ಸ್ಪೇಸ್, ಮೈನಸ್, ಆರ್’ ಹೇಳುತ್ತದೆ. ಹೊಸ ಲ್ಯಾಪ್‌ಟಾಪಿಗೆ ಹಳೇ ಆವೃತ್ತಿ ಹಾಕಿ ಡ್ರೈವರ್ ಹುಡುಕುವುದಕ್ಕಿಂತ ಹೊಸ ಆವೃತ್ತಿ ಹಾಕುವುದೇ ಲೇಸು. ಅಥೆರೋಸ್‌ನ ಹಳೇ ಕಾರ್ಡುಗಳು ತಗಾದೆ ಮಾಡುವುದು ಅಪರೂಪ.

ಬ್ರಾಡ್‌ಕಾಮ್ ಮಾತ್ರ ತಲೆನೋವು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವ ಬಿಸಿಎಂ43142ಕ್ಕೆ, ಪಟ್ಟಿಯಲ್ಲಿ ಇದರ ಸಂಖ್ಯೆ 14ಇ4 ಮತ್ತು 4365, ಕಂಪನಿಯ ಮುಚ್ಚಿದ (ಕೋಡ್ ಬಹಿರಂಗವಿಲ್ಲದ) ಡ್ರೈವರೇ ಬೇಕು. ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಅಥವಾ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆದು ಟಿಕ್ ಮಾಡಿದರೆ ಅದು ಬರುತ್ತದೆ. ಯಾರದೋ ಪುಟದಿಂದ ಜಿಪ್ ಫೈಲ್ ಇಳಿಸುವುದು ಕೊನೆಯ ದಾರಿ. ಅದು ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಮುರಿದು ಬೀಳುವ ಸಂಭವ ಜಾಸ್ತಿ.

ಹೀಗೆ ಹೊರಗಿನಿಂದ ಹಾಕಿದ ಡ್ರೈವರ್‌ಗೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು) ಅಡ್ಡ ಬರುತ್ತದೆ. ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮತ್ತೆ ಶುರುವಾಗುವಾಗ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಓಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಾಗಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಇದ್ದೂ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಡಿಮೆಸ್ಗ್ ಪಟ್ಟಿಯಲ್ಲಿ ‘ಕೀ’ ತಿರಸ್ಕಾರವಾಯಿತು ಎಂಬ ಸಾಲು ಕಂಡರೆ ಇದೇ ಕಥೆ.

ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿದಾಗ ಸಿಡಿ ಡ್ರೈವ್ ತೆರೆದುಕೊಳ್ಳುತ್ತಿದೆಯೇ? ರಿಯಲ್‌ಟೆಕ್‌ನ ಕೆಲವು ಡಾಂಗಲ್‌ಗಳು ಒಳಗೆ ವಿಂಡೋಸ್ ಡ್ರೈವರ್ ಇಟ್ಟುಕೊಂಡು 0ಬಿಡಿಎ, 1ಎ2ಬಿ ಎಂಬ ಸಂಖ್ಯೆಯಲ್ಲಿ ಡಿಸ್ಕ್ ವೇಷ ಹಾಕಿರುತ್ತವೆ. ಆ ಡಿಸ್ಕನ್ನು ಇಜೆಕ್ಟ್ ಮಾಡಿ ನೋಡಿ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಇದನ್ನು ತಾನೇ ಮಾಡುತ್ತದೆ. ಆಮೇಲೆ ಬರುವ ಹೊಸ ಸಂಖ್ಯೆಯೇ ನಿಜವಾದ ಚಿಪ್.

ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ

ಡ್ರೈವರ್ ಇಲ್ಲದ ಸಾಧನ ಯಾವತ್ತೂ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಇದ್ದು ಮಧ್ಯಾಹ್ನ ಹೋಗುವುದು, ಕೇಬಲ್ ಅಲ್ಲಾಡಿಸಿದರೆ ಬರುವುದು, ಮಳೆಗಾಲದಲ್ಲಿ ಮಾತ್ರ ಕೈಕೊಡುವುದು, ಇವೆಲ್ಲ ಸಂಪರ್ಕದ ದೋಷದ ಗುರುತುಗಳು. ವೈಫೈ ಪಟ್ಟಿಯಲ್ಲಿದ್ದೂ ಆಗಾಗ ಕಡಿದು ಹೋದರೆ ಮಾತ್ರ ಮೊದಲು ಅದರ ಪವರ್ ಸೇವಿಂಗ್ ಆಫ್ ಮಾಡಿ ನೋಡಿ. ಕಾರ್ಡೇ ಪಟ್ಟಿಯಿಂದ ಮಾಯವಾಗಿ ಮತ್ತೆ ಬರುತ್ತಿದ್ದರೆ ಸಂಶಯ ಲೋಹದ ಮೇಲೆ ಇರಲಿ.

ಯುಎಸ್‌ಬಿಯಲ್ಲಿ ಇದಕ್ಕೆ ಸ್ಪಷ್ಟ ಸಾಕ್ಷಿ ಸಿಗುತ್ತದೆ. ಸಾಧನ ಚುಚ್ಚಿ ಡಿಮೆಸ್ಗ್‌ನ ಕೊನೆಯ ಸಾಲು ನೋಡಿ. ‘ಎರರ್ -71’ ಅಥವಾ ‘ಎರರ್ -110’ ಎಂದು ಮತ್ತೆ ಮತ್ತೆ ಬಂದರೆ ಎರಡು ಕಡೆಯ ಮಾತುಕತೆಯೇ ಸರಿಯಾಗಿ ನಡೆಯುತ್ತಿಲ್ಲ. 71 ಎಂದರೆ ಸಂದೇಶ ಕೆಟ್ಟು ಬಂತು, 110 ಎಂದರೆ ಕಾದು ಕಾದು ಉತ್ತರ ಬರಲಿಲ್ಲ. ಮೊದಲು ಬೇರೆ ಪೋರ್ಟ್, ಆಮೇಲೆ ಬೇರೆ ಕೇಬಲ್, ಆಮೇಲೆ ಯುಎಸ್‌ಬಿ ಹಬ್ ತೆಗೆದು ನೇರ ಜೋಡಣೆ. ಕೊನೆಗೆ ಅದೇ ಸಾಧನವನ್ನು ಬೇರೆ ಕಂಪ್ಯೂಟರ್‌ಗೆ ಚುಚ್ಚಿ. ಅಲ್ಲೂ ಹೀಗೇ ಆದರೆ ಸಾಧನ ಹೋಗಿದೆ. ಅಲ್ಲಿ ಸರಿ ಇದ್ದರೆ ನಿಮ್ಮ ಪೋರ್ಟ್.

ಕಾರವಾರದ ಬೈತಖೋಲ ಬಂದರಿನ ಸುತ್ತ, ಸಮುದ್ರಕ್ಕೆ ಮುಖ ಮಾಡಿದ ಅಂಗಡಿಗಳಲ್ಲಿ ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದು ಉಪ್ಪು ತಿಂದ ಲೋಹ. ಶಿರಸಿ ಕಡೆ ಉಪ್ಪಿಲ್ಲ, ಆದರೆ ಜುಲೈ ತೇವಕ್ಕೆ ಬೂಸಲು ಹಿಡಿಯುತ್ತದೆ, ಧೂಳು ಒದ್ದೆಯಾಗಿ ಅಂಟುತ್ತದೆ.

ಶುಚಿ ಮಾಡುವ ಮೊದಲು ಯಂತ್ರ ನಿಲ್ಲಿಸಿ, ಪ್ಲಗ್ ಕೀಳಿ, ತೆಗೆಯಲು ಬರುವ ಬ್ಯಾಟರಿಯಾದರೆ ತೆಗೆಯಿರಿ. ಮೃದುವಾದ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ಹಚ್ಚಿ ಒರೆಸಿ. ಬೆಂಕಿ, ಊದಿನಕಡ್ಡಿ, ಗ್ಯಾಸ್ ಒಲೆ ಹತ್ತಿರ ಬೇಡ, ಅದು ಥಟ್ಟನೆ ಹೊತ್ತಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಕರೆಂಟು. ರ್ಯಾಮ್, ವೈಫೈ ಕಾರ್ಡುಗಳನ್ನು ಹೊರತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದರೂ ಎಷ್ಟೋ ದೋಷ ಹೋಗುತ್ತದೆ. ವೈಫೈ ಕಾರ್ಡಿನ ಮೇಲಿನ ಸಣ್ಣ ಆಂಟೆನಾ ತಂತಿಗಳನ್ನು ಎಳೆಯಬೇಡಿ, ಮೇಲಕ್ಕೆ ಎತ್ತಿ ಬಿಡಿಸಿ. ವಾರಂಟಿ ಇದ್ದರೆ ಮುಚ್ಚಳವನ್ನೇ ಬಿಚ್ಚಬೇಡಿ.

ಸಿಡಿಲು ಬಡಿದ ಮೇಲೆ ತಂತಿಯ ನೆಟ್ ಹೋಗಿದೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮ ಜಿಲ್ಲೆಯಲ್ಲಿ ಇದು ಮಾಮೂಲು. ನೆಟ್‌ವರ್ಕ್ ಕೇಬಲ್ ಮೂಲಕ ಬಂದ ಹೊಡೆತ ಪೋರ್ಟನ್ನಷ್ಟೇ ಸುಟ್ಟು ಉಳಿದ ಯಂತ್ರವನ್ನು ಬಿಟ್ಟುಬಿಡಬಹುದು. ಆಗ ಎಲ್ಲರೂ ಡ್ರೈವರ್ ಮೇಲೆ ಅನುಮಾನ ಪಡುತ್ತಾರೆ. ರೂಟರ್‌ನ ಬೇರೆ ಪೋರ್ಟ್, ಬೇರೆ ಕೇಬಲ್ ಹಾಕಿ. ಪೋರ್ಟಿನ ದೀಪ ಹತ್ತದೆ, ಪಿಸಿಐ ಪಟ್ಟಿಯಲ್ಲೂ ಕಾರ್ಡ್ ಇಲ್ಲದಿದ್ದರೆ ಅದು ಸತ್ತಿದೆ. ಪಟ್ಟಿಯಲ್ಲಿದ್ದು ದೀಪ ಮಾತ್ರ ಇಲ್ಲದಿದ್ದರೂ ಹೊರಭಾಗ ಸುಟ್ಟಿರುವ ಸಾಧ್ಯತೆ ಹೆಚ್ಚು.

ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್ ಸಾಕು. ರಿಯಲ್‌ಟೆಕ್ ಆರ್‌ಟಿಎಲ್8153 ಅಥವಾ ಏಸಿಕ್ಸ್ ಎಎಕ್ಸ್88179 ಚಿಪ್ ಇರುವುದನ್ನು ಕೇಳಿ. ಎರಡಕ್ಕೂ ಡ್ರೈವರ್ ಕರ್ನಲ್ ಒಳಗೇ ಇದೆ. ಗುಡುಗು ಮಳೆ ಶುರುವಾಗುವ ಮೊದಲೇ ಪವರ್ ಪ್ಲಗ್ ಮಾತ್ರ ಕಿತ್ತರೆ ಸಾಲದು, ನೆಟ್ ಕೇಬಲ್ ಕೂಡ ಕೀಳಬೇಕು. ಗುಡುಗು ಕೇಳಿಸತೊಡಗಿದ ಮೇಲೆ ಯಾವುದನ್ನೂ ಮುಟ್ಟಬೇಡಿ.

ಲೋಗೋ ಬಂದು ಆಮೇಲೆ ಕಪ್ಪು ಪರದೆ

ಬಯೋಸ್ ಲೋಗೋ ಕೂಡ ಬರದೆ ಬೀಪ್ ಸದ್ದು ಬಂದರೆ ಲಿನಕ್ಸ್ ಇನ್ನೂ ಶುರುವೇ ಆಗಿಲ್ಲ. ರ್ಯಾಮ್ ಕಡೆ ನೋಡಿ. ಲೋಗೋ ಬಂದು, ಲಿನಕ್ಸ್ ಶುರುವಾಗುವಾಗ ಕಪ್ಪಾದರೆ ಗ್ರಾಫಿಕ್ಸ್. ಎನ್‌ವಿಡಿಯಾ ಕಾರ್ಡ್ ಇರುವಲ್ಲಿ ಇದು ಜಾಸ್ತಿ.

ಗ್ರಬ್ ಪಟ್ಟಿ (ಯಾವ ವ್ಯವಸ್ಥೆ ಶುರುಮಾಡಬೇಕೆಂದು ಕೇಳುವ ಪಟ್ಟಿ) ಬಂದಾಗ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ‘ನೋಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ, ಏನೂ ಕೆಡುವುದಿಲ್ಲ. ಪರದೆ ಬಂದರೆ ಡ್ರೈವರ್ ಮ್ಯಾನೇಜರ್‌ನಿಂದ ಎನ್‌ವಿಡಿಯಾ ಡ್ರೈವರ್ ಹಾಕಿ. ಹಳೇ ಕಾರ್ಡುಗಳಿಗೆ ಹೊಸ ಡ್ರೈವರ್ ಆಗುವುದಿಲ್ಲ: ಕೆಪ್ಲರ್ ಎಂಬ ತಲೆಮಾರಿನ ಕಾರ್ಡುಗಳಿಗೆ ಡ್ರೈವರ್‌ನ 470ನೇ ಆವೃತ್ತಿ, ಅದಕ್ಕೂ ಹಿಂದಿನ ಫರ್ಮಿ ತಲೆಮಾರಿಗೆ 390 ಕೊನೆಯದು, ಎರಡಕ್ಕೂ ಕಂಪನಿಯ ಬೆಂಬಲ ಮುಗಿದಿದೆ. ಅಂಥ ಕಾರ್ಡಿದ್ದರೆ ಸುಮ್ನೆ ಕರ್ನಲ್ ಜೊತೆ ಬರುವ ನೂವೋ ಡ್ರೈವರ್ ಬಳಸಿ. ಪತ್ರ ಬರೆಯಲು, ಯೂಟ್ಯೂಬ್ ನೋಡಲು ಅದು ಸಾಕು.

ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣುತ್ತಿಲ್ಲ

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ (ಡಿಸ್ಕ್ ನಿರ್ವಹಿಸುವ ಇಂಟೆಲ್‌ನ ವಿಧಾನಗಳು) ಆನ್ ಇದ್ದರೆ ಹೀಗಾಗಬಹುದು. ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. ಆದರೆ ತಡೆಯಿರಿ. ವಿಂಡೋಸ್ ಉಳಿಸಿಕೊಳ್ಳುವುದಿದ್ದರೆ ಹಾಗೇ ಬದಲಿಸಿದ ತಕ್ಷಣ ವಿಂಡೋಸ್ ಏಳದಿರಬಹುದು. ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ವಿಂಡೋಸನ್ನು ಸೇಫ್ ಮೋಡ್‌ಗೆ ಹಾಕಿ, ಆಮೇಲೆ ಬದಲಿಸಿ. ಕೀ ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಫೋಟೋ, ಪಹಣಿ, ಮಕ್ಕಳ ಅಂಕಪಟ್ಟಿಗಳ ಪ್ರತಿ ಬೇರೆ ಡಿಸ್ಕಿಗೆ ಹೋಗುವವರೆಗೆ ಈ ಸೆಟ್ಟಿಂಗ್ ಮುಟ್ಟಬೇಡಿ.

ಸೌಂಡ್ ಇಲ್ಲ

ಹೊರದಾರಿ ಎಚ್‌ಡಿಎಂಐಗೆ ಹೋಗಿದೆಯೇ ಎಂದು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಟರ್ಮಿನಲ್‌ನಲ್ಲಿ ‘ಎ ಎಲ್ ಎಸ್ ಎ ಎಂ ಐ ಎಕ್ಸ್ ಇ ಆರ್’ ತೆರೆದು ಎಂಎಂ ಎಂದಿರುವ ಕಂಬವನ್ನು ‘ಎಂ’ ಒತ್ತಿ ತೆರೆಯಿರಿ. ‘ಡಮ್ಮಿ ಔಟ್‌ಪುಟ್’ ಒಂದೇ ಇದ್ದರೆ, ಹೊಸ ಇಂಟೆಲ್ ಲ್ಯಾಪ್‌ಟಾಪ್ ಆದರೆ, ಎಸ್‌ಓಎಫ್ ಎಂಬ ಸೌಂಡ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿ.

ಪ್ರಿಂಟರ್ ಕಾಣುತ್ತದೆ, ಆದರೆ ಪುಟ ಬರುವುದಿಲ್ಲ

ಜೆರಾಕ್ಸ್ ಅಂಗಡಿ, ಸೊಸೈಟಿ, ಶಾಲೆಯ ಕಚೇರಿಯಲ್ಲಿ ಲಿನಕ್ಸ್ ಸೋಲುವುದು ಇಲ್ಲೇ.

ಮಳೆಗಾಲವಾದರೆ ಮೊದಲು ಕಾಗದ ಮುಟ್ಟಿ ನೋಡಿ. ತೇವ ಹಿಡಿದ ಕಾಗದ ಸಿಕ್ಕಿಕೊಳ್ಳುತ್ತದೆ, ಎರಡೆರಡು ಹಾಳೆ ಎಳೆಯುತ್ತದೆ, ಲೇಸರ್‌ನಲ್ಲಿ ಅಕ್ಷರ ಮಸುಕಾಗುತ್ತದೆ. ಹೊಸ ಕಟ್ಟು ಒಡೆದು ನಾಲ್ಕು ಹಾಳೆ ಹಾಕಿ. ಪ್ರಿಂಟರ್‌ನ ಗುಂಡಿಯಿಂದಲೇ ಅದರ ಸ್ವಂತ ಪರೀಕ್ಷಾ ಪುಟ ತೆಗೆಯಿರಿ. ಅದೂ ಕೆಟ್ಟದಾಗಿ ಬಂದರೆ ಕಂಪ್ಯೂಟರ್ ನಿರಪರಾಧಿ.

ಪರೀಕ್ಷಾ ಪುಟ ಚೆನ್ನಾಗಿದ್ದರೆ ಬ್ರೌಸರ್‌ನಲ್ಲಿ ‘ಲೋಕಲ್‌ಹೋಸ್ಟ್’, ಎರಡು ಚುಕ್ಕೆ, 631 ಹೊಡೆಯಿರಿ. ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯ ಪುಟ ಬರುತ್ತದೆ. ಕೆಲಸ ಸಾಲಿನಲ್ಲಿ ಸಿಕ್ಕಿಕೊಂಡಿದೆಯೇ, ಪ್ರಿಂಟರ್ ‘ಪಾಝ್ಡ್’ (ತಡೆದು ನಿಂತಿದೆ) ಆಗಿದೆಯೇ ನೋಡಿ. ಒಂದು ಪ್ಲಗ್ ಸಡಿಲವಾದ ಮೇಲೆ ಸಾಲು ನಿಂತೇ ಇರುವುದು ಸಾಮಾನ್ಯ, ‘ರೆಸ್ಯೂಮ್’ ಒತ್ತಿದರೆ ಮುಗಿಯಿತು.

ಏರ್‌ಪ್ರಿಂಟ್ ಗುರುತಿರುವ ಹೊಸ ಪ್ರಿಂಟರ್‌ಗಳಿಗೆ ಡ್ರೈವರೇ ಬೇಡ, ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ತಾನಾಗಿ ಬರುತ್ತವೆ. ಎಪ್ಸನ್‌ನ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಹಲವಕ್ಕೆ ‘ಇ ಎಸ್ ಸಿ ಪಿ ಆರ್’ ಎಂಬ ಪ್ಯಾಕೇಜ್ ಸಾಕು.

ಎಚ್‌ಪಿ ಲೇಸರ್‌ಜೆಟ್ 1020, ಪಿ1007, ಪಿ1008 ಬೇರೆ ಜಾತಿ. ಇವು ಫರ್ಮ್‌ವೇರನ್ನು ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಫರ್ಮ್‌ವೇರ್ ಕಳಿಸಬೇಕು. ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರ್‌ಗಳ ಲಿನಕ್ಸ್ ಡ್ರೈವರ್) ಜೊತೆ ‘ಎಚ್‌ಪಿ-ಪ್ಲಗಿನ್’ ಕೂಡ ಹಾಕಿದರೆ ಆ ಕೆಲಸ ನಡೆಯುತ್ತದೆ. ಎರಡರ ಆವೃತ್ತಿ ಒಂದೇ ಇರಬೇಕು. ಹಾಗಾಗಿಯೇ "ನಿನ್ನೆವರೆಗೆ ಚೆನ್ನಾಗಿತ್ತು, ಅಪ್‌ಡೇಟ್ ಆದ ಮೇಲೆ ನಿಂತಿತು" ಎಂಬ ದೂರು ಬರುವುದು. ಪ್ಲಗಿನ್ ಮತ್ತೆ ಇಳಿಸಿ.

ಕ್ಯಾನನ್ ಎಲ್‌ಬಿಪಿ2900 ಗಟ್ಟಿ ಯಂತ್ರ, ಆದರೆ ಲಿನಕ್ಸ್‌ಗೆ ಹಟಮಾರಿ. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದು, 64 ಬಿಟ್ ಯಂತ್ರದಲ್ಲೂ 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ. ಆಸಕ್ತರು ಬರೆದ ಮುಕ್ತ ಡ್ರೈವರ್ ಒಂದಿದೆ, ಅದನ್ನು ಮೂಲ ಕೋಡ್‌ನಿಂದ ನಾವೇ ಕಂಪೈಲ್ ಮಾಡಬೇಕು. ಮನೆಯಲ್ಲಾದರೆ ಒಂದು ಭಾನುವಾರ ಕೂತು ನೋಡಿ. ದಿನಕ್ಕೆ ನೂರಾರು ಪುಟ ತೆಗೆಯುವ ಅಂಗಡಿಯಾದರೆ ಆ ಪ್ರಿಂಟರ್ ಇರುವ ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡಿ ಎಂಬುದು ನನ್ನ ಸಲಹೆ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿ ಟೋಕನ್ ಇಟ್ಟುಕೊಂಡು ಸರ್ಕಾರಿ ಸೇವೆ ಕೊಡುವ ಕೇಂದ್ರಗಳಿಗೂ ಇದೇ ಮಾತು: ಮಾರಿದವರು ಲಿನಕ್ಸ್ ಬೆಂಬಲವನ್ನು ಲಿಖಿತವಾಗಿ ಹೇಳುವವರೆಗೆ ಬದಲಾಯಿಸಬೇಡಿ.

ಇಲ್ಲಿಗೆ ನಿಲ್ಲಿಸಿ

ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅದು ಊದಿಕೊಂಡ ಬ್ಯಾಟರಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಸೀದಾ ರಿಪೇರಿಯವರ ಹತ್ತಿರ ಒಯ್ಯಿರಿ. ಸುಟ್ಟ ವಾಸನೆ, ಮುಟ್ಟಿದರೆ ಜುಮ್ಮೆನ್ನುವ ಕ್ಯಾಬಿನೆಟ್ ಇದ್ದರೆ ಕರೆಂಟು ತೆಗೆಸಿ ಅರ್ಥಿಂಗ್ ನೋಡಿಸಿ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ) ಡಬ್ಬಿ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಒಳಗೆ ಬೇಕಾದ ಫೈಲ್ ಇದ್ದರೆ ಡೇಟಾ ತೆಗೆಯುವವರಿಗೆ ಹಾಗೇ ಕೊಡಿ.

ಬೇರೆಯವರ ಸಹಾಯ ಕೇಳುವಾಗ "ವೈಫೈ ಬರ್ತಿಲ್ಲ" ಎಂದಷ್ಟೇ ಹೇಳಿದರೆ ಯಾರೂ ಏನೂ ಮಾಡಲಾರರು. ಯಾವ ಲಿನಕ್ಸ್, ಯಾವ ಕರ್ನಲ್, ಆ ಜೋಡಿ ಸಂಖ್ಯೆ, ಡಿಮೆಸ್ಗ್‌ನ ಸಂಬಂಧಪಟ್ಟ ಸಾಲು, ಸೆಕ್ಯೂರ್ ಬೂಟ್ ಆನ್ ಇದೆಯೋ ಇಲ್ಲವೋ, ಇಷ್ಟು ಕೊಡಿ. ಫೋಟೋ ಬೇಡ, ಅಕ್ಷರಗಳನ್ನೇ ನಕಲು ಮಾಡಿ ಕಳಿಸಿ. ಸೀರಿಯಲ್ ನಂಬರ್, ವೈಫೈ ಪಾಸ್‌ವರ್ಡ್ ಇದ್ದರೆ ಅಳಿಸಿ.

ಹೊಸ ಡಾಂಗಲ್ ಕೊಳ್ಳುವಾಗ ಡಬ್ಬಿ ಮೇಲಿನ ಹೆಸರಿನ ಜೊತೆ ಆವೃತ್ತಿಯನ್ನೂ ಓದಿ. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು, ಲಿನಕ್ಸ್‌ನಲ್ಲಿ ಚುಚ್ಚಿದರೆ ಸಾಕಿತ್ತು. ಎರಡನೇ ಆವೃತ್ತಿಯಿಂದ ಅದೇ ಹೆಸರಿನೊಳಗೆ ರಿಯಲ್‌ಟೆಕ್ ಬಂತು. ಹಳೆಯ ಸಲಹೆ ಓದಿ ಹೊಸ ಡಬ್ಬಿ ಕೊಂಡವರಿಗೆ ಬೇರೆಯೇ ಚಿಪ್ ಸಿಕ್ಕಿತು. ಹಳೇ ಲ್ಯಾಪ್‌ಟಾಪ್ ಕೊಳ್ಳುವುದಾದರೆ ಲೈವ್ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯ ಮೇಜಿನ ಮೇಲೆಯೇ ಓಡಿಸಿ ನೋಡಿ. ಬೇಡ ಎನ್ನುವ ಅಂಗಡಿಯಾದರೆ ಬೇರೆ ಅಂಗಡಿ ನೋಡಿ.